ಪ್ಲೇಟೋ, ಅರಿಸ್ಟಾಟಲ್ ಮತ್ತು ಆದರ್ಶ ರಾಜ್ಯದ ಕುಟುಂಬ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಟುಂಬ, ಹೆಣ್ಣು, ಮಕ್ಕಳ ಬಗ್ಗೆ ಪ್ಲೇಟೋ ಹೇಳಿದ್ದು ನಿಜವಾಗಿ ಎಲ್ಲಿದೆ?

ಮುಖ್ಯ ಭಾಗ ಇರುವುದು ‘ರಿಪಬ್ಲಿಕ್’ನ ಐದನೇ ಪುಸ್ತಕದಲ್ಲಿ. ಕ್ರಿ.ಪೂ. 375ರ ಆಸುಪಾಸಿನ ಈ ಸಂಭಾಷಣೆಯಲ್ಲಿ ಹತ್ತು ‘ಪುಸ್ತಕ’ಗಳಿವೆ, ಈಗಿನ ಲೆಕ್ಕದಲ್ಲಿ ಹತ್ತು ಅಧ್ಯಾಯ ಅನ್ನಿ. ಒಳ್ಳೆಯ ಅನುವಾದಗಳ ಅಂಚಿನಲ್ಲಿ 327ರಿಂದ 621ರವರೆಗೆ ಸಂಖ್ಯೆಗಳಿರುತ್ತವೆ. ಅವು 1578ರ ಒಂದು ಮುದ್ರಣದ ಪುಟಸಂಖ್ಯೆಗಳು. ಯಾರ ಅನುವಾದವಾದರೂ ಈ ಸಂಖ್ಯೆ ಹಿಡಿದು ಹೋದರೆ ಅದೇ ಜಾಗ ಸಿಗುತ್ತದೆ, ಆದ್ದರಿಂದ ಈ ಪುಟದಲ್ಲೂ ಅವನ್ನೇ ಕೊಟ್ಟಿದ್ದೇವೆ. ಕುಟುಂಬದ ಚರ್ಚೆ 449ರಿಂದ 466ರವರೆಗೆ, ಆಸ್ತಿಯ ಮಾತು 416–417ರಲ್ಲಿ, ಆಳುವವರ ತರಬೇತಿ 535–541ರಲ್ಲಿ, ಇಡೀ ವ್ಯವಸ್ಥೆ ಕುಸಿಯುವ ಬಗೆ 546ರಿಂದ ಮುಂದೆ.

ಈ ಚರ್ಚೆ ಶುರುವಾಗುವ ರೀತಿಯನ್ನೂ ಗಮನಿಸಬೇಕು. ಪ್ಲೇಟೋ ತಾನೇ ಮಾತಾಡುವುದಿಲ್ಲ, ತನ್ನ ಗುರು ಸಾಕ್ರೆಟಿಸನನ್ನು ಮುಖ್ಯ ಪಾತ್ರವಾಗಿಟ್ಟು ಅವನ ಬಾಯಲ್ಲಿ ವಾದ ಹೇಳಿಸುತ್ತಾನೆ. ನಾಲ್ಕನೇ ಪುಸ್ತಕದಲ್ಲಿ ಸಾಕ್ರೆಟಿಸ್ ‘ಗೆಳೆಯರ ನಡುವೆ ಎಲ್ಲವೂ ಎಲ್ಲರದು’ ಎಂಬ ಗಾದೆಯೊಂದಿಗೆ ಹೆಂಡತಿ-ಮಕ್ಕಳ ವಿಷಯವನ್ನು ಒಂದೇ ಮಾತಿನಲ್ಲಿ ದಾಟಿಬಿಡುತ್ತಾನೆ. ಐದನೆಯದರ ಆರಂಭದಲ್ಲಿ, ಮಾತುಕತೆಯಲ್ಲಿ ಜೊತೆಗಿದ್ದ ಪಾಲೆಮಾರ್ಕಸ್ ಪಕ್ಕದಲ್ಲಿದ್ದ ಅಡೈಮಾಂಟಸನ ಮೇಲುವಸ್ತ್ರವನ್ನು ಭುಜದ ಹತ್ತಿರ ಹಿಡಿದೆಳೆದು, ಇವನನ್ನು ಹೀಗೇ ಬಿಟ್ಟುಬಿಡೋಣವೇ ಎಂದು ಪಿಸುಗುಡುತ್ತಾನೆ. ಆಮೇಲೆ ಎಲ್ಲರೂ ಸೇರಿ ಸಾಕ್ರೆಟಿಸನನ್ನು ಹಿಡಿದು ನಿಲ್ಲಿಸುತ್ತಾರೆ. ಅವನು ಹಿಂಜರಿಯುತ್ತಲೇ ಮೂರು ‘ಅಲೆ’ಗಳನ್ನು ಎದುರಿಸುತ್ತಾನೆ. ಹೆಂಗಸರೂ ರಕ್ಷಕರು, ಅಂದರೆ ರಾಜ್ಯವನ್ನು ಕಾಯುವವರು ಮತ್ತು ಆಳುವವರು, ಆಗಬೇಕು ಎನ್ನುವುದು ಮೊದಲನೆಯದು. ರಕ್ಷಕರಿಗೆ ಸ್ವಂತ ಕುಟುಂಬ ಇರಬಾರದು ಎನ್ನುವುದು ಎರಡನೆಯದು. ತತ್ವಜ್ಞಾನಿಗಳೇ ಆಳಬೇಕು ಎನ್ನುವುದು ಮೂರನೆಯದು.

ಮೊದಲೆರಡು ಅಲೆಗಳು ಬೇರೆ ಬೇರೆ ವಾದಗಳು. ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕಬಹುದು. ನಮ್ಮ ಮಟ್ಟಿಗೆ ಮೊದಲನೆಯದು ಇಂದಿಗೂ ಗಟ್ಟಿಯಾಗಿ ನಿಲ್ಲುತ್ತದೆ, ಎರಡನೆಯದು ನಿಲ್ಲುವುದಿಲ್ಲ. ಮುಂದಿನ ಉತ್ತರಗಳನ್ನು ಈ ಎರಡನ್ನೂ ಬಿಡಿಸಿ ನೋಡುತ್ತಾ ಬರೆದಿದ್ದೇವೆ.

ಆದರ್ಶ ರಾಜ್ಯದಲ್ಲಿ ಯಾರಿಗೂ ಕುಟುಂಬವೇ ಇರುವುದಿಲ್ಲವೇ?

ಹಾಗಲ್ಲ. ಇದು ಅತಿ ಸಾಮಾನ್ಯ ತಪ್ಪು ತಿಳಿವಳಿಕೆ. ಪ್ಲೇಟೋನ ರಾಜ್ಯದಲ್ಲಿ ಮೂರು ವರ್ಗ: ಆಳುವವರು, ಅವರಿಗೆ ನೆರವಾಗುವ ಸೈನಿಕರು, ಮತ್ತು ರೈತರು, ಕುಶಲಕರ್ಮಿಗಳು, ವ್ಯಾಪಾರಿಗಳು ಸೇರಿದ ಉತ್ಪಾದಕರು. ಮೇಲಿನ ಎರಡು ವರ್ಗಗಳನ್ನು ಒಟ್ಟಾಗಿ ರಕ್ಷಕರು ಎನ್ನುತ್ತಾರೆ. ಕುಟುಂಬವಿಲ್ಲ, ಆಸ್ತಿಯಿಲ್ಲ ಎಂಬ ನಿಯಮ ಇವರಿಗೆ ಮಾತ್ರ. ಜನಸಂಖ್ಯೆಯ ಬಹುಪಾಲಾದ ಉತ್ಪಾದಕರಿಗೆ ಹೊಲ, ಮನೆ, ದುಡ್ಡು ಎಲ್ಲ ಇರುತ್ತದೆ. ಅವರ ಸಂಸಾರ ಹೇಗಿರಬೇಕೆಂದು ಪ್ಲೇಟೋ ವಿವರಿಸುವುದೇ ಇಲ್ಲ. ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದ ಎರಡನೇ ಪುಸ್ತಕದಲ್ಲಿ ಇದನ್ನೇ ಹಿಡಿದು, ರೈತರ ವಿಷಯ ಏನೂ ತೀರ್ಮಾನವಾಗಿಲ್ಲವಲ್ಲ ಎಂದು ದೂರುತ್ತಾನೆ. ಆ ದೂರು ನ್ಯಾಯವಾದದ್ದೇ.

ಸಂಖ್ಯೆಯ ಅಂದಾಜು ಬೇಕಾದರೆ, ಕಾದಾಡುವವರು ಸಾವಿರ ಮಂದಿಯೇ ಇದ್ದರೂ ಈ ರಾಜ್ಯ ನಿಜವಾದ ಅರ್ಥದಲ್ಲಿ ದೊಡ್ಡದು ಎಂಬ ಮಾತು 423ರಲ್ಲಿ ಬರುತ್ತದೆ. ನಮ್ಮ ಕಲ್ಪನೆಯ ದೇಶ ಅದಲ್ಲ, ಒಂದು ಗ್ರೀಕ್ ನಗರ-ರಾಜ್ಯ.

ರಕ್ಷಕರಿಗೆ ಕುಟುಂಬ ಯಾಕೆ ಬೇಡ?

ಮೂಲ ಇರುವುದು ಆಸ್ತಿಯ ನಿಯಮದಲ್ಲಿ. ಕುರಿ ಕಾಯುವ ನಾಯಿಯೇ ತೋಳವಾಗಿ ಕುರಿಯ ಮೇಲೆ ಬಿದ್ದರೆ ಏನು ಗತಿ ಎಂಬುದು ಸಾಕ್ರೆಟಿಸನ ಆತಂಕ. ಆಯುಧ ಇರುವವನ ಕೈಯಲ್ಲೇ ಹಣವೂ ಇದ್ದರೆ ಜನರ ಕಥೆ ಮುಗಿದಂತೆ. ಹಾಗಾಗಿ ರಕ್ಷಕರಿಗೆ ಸ್ವಂತ ಮನೆಯಿಲ್ಲ, ಬೀಗ ಹಾಕುವ ಉಗ್ರಾಣವಿಲ್ಲ. ಊಟ ಒಟ್ಟಿಗೆ, ವಾಸ ಶಿಬಿರದಲ್ಲಿ. ನಾಗರಿಕರು ಕೊಡುವ ವೇತನ ವರ್ಷದ ಕೊನೆಗೆ ಉಳಿಯಲೂ ಬಾರದು, ಸಾಲದೆ ಹೋಗಲೂ ಬಾರದು. ಚಿನ್ನ-ಬೆಳ್ಳಿಯನ್ನು ಮುಟ್ಟುವಂತಿಲ್ಲ, ತೊಡುವಂತಿಲ್ಲ, ಅವುಗಳ ಪಾತ್ರೆಯಲ್ಲಿ ಕುಡಿಯುವಂತಿಲ್ಲ, ಅವು ಇರುವ ಸೂರಿನಡಿ ಇರುವಂತೆಯೂ ಇಲ್ಲ.

ಆಸ್ತಿಯನ್ನು ಕಿತ್ತುಕೊಂಡು ಹೆಂಡತಿ-ಮಕ್ಕಳನ್ನು ಉಳಿಸಿದರೆ ಅದೇ ಸಮಸ್ಯೆ ಹಿತ್ತಲ ಬಾಗಿಲಿನಿಂದ ಒಳಬರುತ್ತದೆ. ‘ನನ್ನ ಮಗನಿಗೆ’ ಎಂಬ ಆಸೆಯೇ ಕೂಡಿಡಲು ದೊಡ್ಡ ಕಾರಣ. 462ರಲ್ಲಿ ಸಾಕ್ರೆಟಿಸ್ ಬೆರಳಿನ ಉದಾಹರಣೆ ಕೊಡುತ್ತಾನೆ. ಬೆರಳಿಗೆ ಪೆಟ್ಟಾದಾಗ ಇಡೀ ದೇಹಕ್ಕೆ ನೋವಾಗುತ್ತದೆ, ಆ ಮನುಷ್ಯನಿಗೆ ನೋವಾಯಿತು ಎನ್ನುತ್ತೇವೆ. ರಾಜ್ಯವೂ ಹಾಗಿರಬೇಕು: ಒಂದೇ ಸಂಗತಿಗೆ ಎಲ್ಲರೂ ಒಟ್ಟಿಗೆ ‘ನನ್ನದು’ ಎನ್ನಬೇಕು, ಒಟ್ಟಿಗೆ ಸಂತೋಷಪಡಬೇಕು, ಒಟ್ಟಿಗೆ ಅಳಬೇಕು. ಸಂಸಾರಗಳು ಬೇರೆ ಬೇರೆಯಾದಷ್ಟೂ ಸುಖದುಃಖವೂ ಬೇರೆ ಬೇರೆಯಾಗುತ್ತದೆ, ಒಡಕು ಅಲ್ಲಿಂದಲೇ ಶುರು ಎಂಬುದು ಅವನ ವಾದ.

ಹಾಗಾದರೆ ಮದುವೆ, ಹೆರಿಗೆ, ಮಕ್ಕಳ ಪಾಲನೆ ಹೇಗೆ ನಡೆಯಬೇಕು?

458ರಿಂದ 461ರವರೆಗೆ ಕ್ರಮವಾಗಿ ಕೊಟ್ಟಿದ್ದಾನೆ. ರಾಜ್ಯವೇ ಆಗಾಗ ಹಬ್ಬಗಳನ್ನು ಏರ್ಪಡಿಸುತ್ತದೆ. ಬಲಿ, ಹಾಡು ಎಲ್ಲ ಇರುತ್ತದೆ, ಜೋಡಿಗಳು ಕೂಡುವುದು ಆಗ ಮಾತ್ರ. ಎಷ್ಟು ಜೋಡಿ ಎಂಬುದನ್ನು ಆಳುವವರು ಯುದ್ಧ, ರೋಗಗಳಲ್ಲಿ ಸತ್ತವರ ಲೆಕ್ಕ ನೋಡಿ ನಿರ್ಧರಿಸುತ್ತಾರೆ. ಜನಸಂಖ್ಯೆ ಏರಲೂ ಬಾರದು, ಇಳಿಯಲೂ ಬಾರದು. ಯಾರಿಗೆ ಯಾರು ಎಂಬುದಕ್ಕೆ ಚೀಟಿ ಎತ್ತುತ್ತಾರೆ, ಆದರೆ ಆ ಚೀಟಿಯನ್ನು ಆಳುವವರು ಮೊದಲೇ ಗುಟ್ಟಾಗಿ ಹೊಂದಿಸಿಟ್ಟಿರುತ್ತಾರೆ. ಉತ್ತಮರಿಗೆ ಉತ್ತಮರು ಹೆಚ್ಚು ಬಾರಿ ಸಿಗಬೇಕು, ಸಿಗದವನು ತನ್ನ ಅದೃಷ್ಟವನ್ನು ಹಳಿಯಬೇಕೇ ಹೊರತು ಆಳುವವರನ್ನಲ್ಲ. ಯುದ್ಧದಲ್ಲಿ ಮೆರೆದ ಯುವಕರಿಗೆ ಹೆಚ್ಚು ಅವಕಾಶ.

ವಯಸ್ಸಿನ ಮಿತಿಯೂ ಇದೆ. ಹೆಣ್ಣಿಗೆ 20ರಿಂದ 40. ಗಂಡಿಗೆ ಓಟದ ಕಸುವು ತುತ್ತತುದಿ ದಾಟಿದ ಮೇಲಿನಿಂದ 55ರವರೆಗೆ. ಗಂಡಿನ ಫಲವತ್ತಾದ ಅವಧಿ 30 ವರ್ಷ ಎಂದು ಅಲ್ಲೇ ಹೇಳಿರುವುದರಿಂದ ಆರಂಭ 25 ಎಂದು ಲೆಕ್ಕ ಹಾಕುವುದು ರೂಢಿ.

ಹುಟ್ಟಿದ ಕೂಸನ್ನು ಅದಕ್ಕೆಂದೇ ನೇಮಕವಾದ ಅಧಿಕಾರಿಗಳು, ಗಂಡಸರೂ ಹೆಂಗಸರೂ, ನಗರದ ಒಂದು ಬದಿಯಲ್ಲಿ ದಾದಿಯರಿರುವ ಶಿಶುಪಾಲನಾ ಮನೆಗೆ ಒಯ್ಯುತ್ತಾರೆ. ಎದೆಯಲ್ಲಿ ಹಾಲು ತುಂಬಿದ ತಾಯಂದಿರನ್ನು ಅಲ್ಲಿಗೆ ಕರೆತರುತ್ತಾರೆ. ಯಾವ ತಾಯಿಗೂ ತನ್ನ ಮಗು ಯಾವುದೆಂದು ಗೊತ್ತಾಗದಂತೆ ಎಲ್ಲ ಎಚ್ಚರಿಕೆ ವಹಿಸುತ್ತಾರೆ. ಹಾಲು ಸಾಲದಿದ್ದರೆ ಬೇರೆ ಹೆಂಗಸರು. ರಾತ್ರಿ ನಿದ್ದೆಗೆಡುವ ಕೆಲಸವೆಲ್ಲ ದಾದಿಯರದು. ರಕ್ಷಕ ಹೆಂಗಸರಿಗೆ ತಾಯ್ತನವನ್ನು ಬಹಳ ಸಲೀಸು ಮಾಡಿಕೊಟ್ಟೆ ಎಂದು, ಸಾಕ್ರೆಟಿಸನ ಜೊತೆ ಮಾತಾಡುತ್ತಿರುವ ಗ್ಲಾಕನ್ ಹೇಳುವುದು ಇಲ್ಲೇ.

ಅಪ್ಪ-ಅಮ್ಮ ಯಾರೆಂದೇ ಗೊತ್ತಿಲ್ಲದಿದ್ದರೆ ರಕ್ತಸಂಬಂಧದಲ್ಲೇ ಕೂಡುವ ಅಪಾಯವಿಲ್ಲವೇ?

ಗ್ಲಾಕನ್ ಕೂಡ ಇದನ್ನೇ ಕೇಳುತ್ತಾನೆ. ಉತ್ತರ ತಿಂಗಳ ಲೆಕ್ಕದಲ್ಲಿದೆ. ಒಬ್ಬ ಮದುಮಗನಾದ ದಿನದಿಂದ ಏಳನೇ ಅಥವಾ ಹತ್ತನೇ ತಿಂಗಳಲ್ಲಿ ಹುಟ್ಟುವ ಗಂಡುಮಕ್ಕಳೆಲ್ಲ ಅವನ ಪುತ್ರರು, ಹೆಣ್ಣುಮಕ್ಕಳೆಲ್ಲ ಪುತ್ರಿಯರು. ಅವರ ಮಕ್ಕಳು ಇವನಿಗೆ ಮೊಮ್ಮಕ್ಕಳು. ತಂದೆತಾಯಂದಿರು ಹೆರುತ್ತಿದ್ದ ಕಾಲದಲ್ಲಿ ಹುಟ್ಟಿದವರೆಲ್ಲ ಪರಸ್ಪರ ಅಣ್ಣ-ತಮ್ಮ, ಅಕ್ಕ-ತಂಗಿ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ರಕ್ಷಕ 30ನೇ ವಯಸ್ಸಿನಲ್ಲಿ ಒಂದು ಹಬ್ಬದಲ್ಲಿ ಭಾಗವಹಿಸಿದ. ಆ ಸುತ್ತಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಇವನಿಗೆ ಮಗಳ ವರಸೆ. ಇವನಿಗೆ ಸುಮಾರು 51 ಆದಾಗ ಅವರಿಗೆ 20 ತುಂಬುತ್ತದೆ, ಅವರೂ ಹಬ್ಬಕ್ಕೆ ಬರುತ್ತಾರೆ. ಆ ಇಡೀ ತಂಡ ಇವನಿಗೆ ನಿಷಿದ್ಧ. ಇವನು 31, 32, 33ರಲ್ಲೂ ಭಾಗವಹಿಸಿದ್ದರೆ ಮುಂದಿನ ತಂಡಗಳೂ ನಿಷಿದ್ಧ. ಇಲ್ಲಿಯತನಕ ನಿಯಮ ಕೆಲಸ ಮಾಡುತ್ತದೆ. ಒಡಹುಟ್ಟಿದವರ ವಿಷಯದಲ್ಲಿ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ: ಓರಗೆಯವರೆಲ್ಲ ಅಣ್ಣ-ತಂಗಿಯರಾದರೆ ಕೂಡಲು ಉಳಿಯುವವರು ಯಾರು? ಆದ್ದರಿಂದಲೇ ಚೀಟಿ ಹಾಗೆ ಬಂದರೆ, ಡೆಲ್ಫಿಯ ದೈವವಾಣಿಯೂ ಒಪ್ಪಿದರೆ, ಅಣ್ಣ-ತಂಗಿ ವರಸೆಯವರು ಕೂಡಬಹುದು ಎಂದು 461ರಲ್ಲಿ ಸಡಿಲಿಸುತ್ತಾನೆ. ನಿಜವಾಗಿಯೇ ಒಂದೇ ತಂದೆಗೆ ಹುಟ್ಟಿದವರನ್ನು ಗುರುತಿಸುವ ದಾರಿ ಇದರಲ್ಲಿಲ್ಲ. ಇದು ಯೋಜನೆಯ ಒಳಗಿನ ಬಿರುಕು.

ಅಂಗವಿಕಲ ಶಿಶುಗಳನ್ನು ಕೊಲ್ಲಬೇಕೆಂದು ಪ್ಲೇಟೋ ಹೇಳಿದನೇ?

ಕೆಳದರ್ಜೆಯವರ ಮಕ್ಕಳನ್ನೂ ವಿಕಲವಾಗಿ ಹುಟ್ಟಿದ ಮಕ್ಕಳನ್ನೂ ‘ಹೇಳಬಾರದ, ಕಾಣದ ಜಾಗದಲ್ಲಿ’ ಅಡಗಿಸಿಡುತ್ತಾರೆ ಎಂಬುದು 460ರ ಮಾತು. ಹಲವರು ಇದನ್ನು ಶಿಶುಹತ್ಯೆ ಎಂದೇ ಓದುತ್ತಾರೆ. ಪ್ಲೇಟೋನ ಇನ್ನೊಂದು ಸಂಭಾಷಣೆ ‘ಟಿಮಾಯಸ್’ನ ಆರಂಭದಲ್ಲಿ (19) ಇದೇ ಯೋಜನೆಯ ಸಾರಾಂಶ ಹೇಳುವಾಗ, ಅಂಥ ಮಕ್ಕಳನ್ನು ಗುಟ್ಟಾಗಿ ಉಳಿದ ನಾಗರಿಕರ ನಡುವೆ ಹಂಚಬೇಕು ಎಂದಿದೆ. ‘ರಿಪಬ್ಲಿಕ್’ನ ಮೂರನೇ ಪುಸ್ತಕದ ಕಥೆಯಲ್ಲಿ ಆಳುವವರು ಚಿನ್ನ, ಸೈನಿಕರು ಬೆಳ್ಳಿ, ಉತ್ಪಾದಕರು ಕಬ್ಬಿಣ-ಕಂಚು; ಚಿನ್ನದ ತಂದೆಗೆ ಕಬ್ಬಿಣದ ಮಗು ಹುಟ್ಟಿದರೆ ರೈತರ ನಡುವೆ ಬಿಡಬೇಕು ಎಂಬ ಅಲ್ಲಿನ ಮಾತಿಗೆ ಇದು ಹೊಂದುತ್ತದೆ. ಆದರೆ ವಯಸ್ಸು ಮೀರಿದವರ ಬಸುರಿನ ಬಗ್ಗೆ 461 ಮುಚ್ಚುಮರೆಯಿಲ್ಲದೆ ಕಠಿಣವಾಗಿದೆ: ಅದು ಬೆಳಕು ಕಾಣಬಾರದು, ಕಂಡರೆ ಸಾಕುವವರಿಲ್ಲ ಎಂದು ತಿಳಿಯಬೇಕು. ಗ್ರೀಸಿನಲ್ಲಿ ಬೇಡವಾದ ಕೂಸನ್ನು ಹೊರಗೆ ಬಿಟ್ಟುಬರುವ ರೂಢಿ ಇತ್ತು ನಿಜ. ಹಾಗೆಂದು ಈ ಸಾಲುಗಳನ್ನು ಮೃದುಗೊಳಿಸಿ ಓದಬೇಕಿಲ್ಲ. ಒಳ್ಳೆಯ ತಳಿಯ ನಾಯಿ, ಹಕ್ಕಿ, ಕುದುರೆ ಬೆಳೆಸುವ ತರ್ಕವನ್ನು ಮನುಷ್ಯರಿಗೆ ಹಚ್ಚಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಹೆಣ್ಣೂ ಆಳಬಹುದು ಎಂಬ ವಾದವನ್ನು ಪ್ಲೇಟೋ ಹೇಗೆ ಕಟ್ಟುತ್ತಾನೆ?

ಐದನೇ ಪುಸ್ತಕದ ಅತ್ಯುತ್ತಮ ಭಾಗ ಇದು. ನಿಧಾನವಾಗಿ ಓದಿ.

ಮೊದಲು ಕಾವಲು ನಾಯಿಗಳ ಮಾತು. ಹೆಣ್ಣು ನಾಯಿ ಮರಿ ಹಾಕುತ್ತದೆ ಎಂದು ಮನೆಯಲ್ಲಿ ಕೂರಿಸಿ ಗಂಡನ್ನಷ್ಟೇ ಕಾವಲಿಗೆ ಬಿಡುತ್ತೇವೆಯೇ? ಎರಡೂ ಬೇಟೆಯಾಡುತ್ತವೆ, ಎರಡೂ ಕಾಯುತ್ತವೆ. ಒಂದೇ ಕೆಲಸ ಬೇಕಾದರೆ ಒಂದೇ ಸಾಕಣೆ, ಒಂದೇ ತರಬೇತಿ ಕೊಡಬೇಕು. ಹಾಗಾದರೆ ರಕ್ಷಕ ಹೆಂಗಸರಿಗೂ ಸಂಗೀತ, ವ್ಯಾಯಾಮ, ಆಯುಧ, ಕುದುರೆ ಸವಾರಿ. ಗ್ರೀಕರು ಬರಿಮೈಯಲ್ಲಿ ವ್ಯಾಯಾಮ ಮಾಡುತ್ತಿದ್ದುದರಿಂದ ಹೆಂಗಸರೂ ಹಾಗೆ ಮಾಡುವುದು ನಗೆಪಾಟಲಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಗಂಡಸರು ಹಾಗೆ ಮಾಡುವುದೂ ಸ್ವಲ್ಪ ಕಾಲದ ಹಿಂದಿನವರೆಗೆ ಗ್ರೀಕರಿಗೆ ನಗೆಯೇ ಆಗಿತ್ತು, ಕ್ರೀಟಿನವರು ಮತ್ತು ಸ್ಪಾರ್ಟಾದವರು ಶುರುಮಾಡಿದ ಮೇಲೆ ಅಭ್ಯಾಸವಾಯಿತು ಎನ್ನುತ್ತಾನೆ ಸಾಕ್ರೆಟಿಸ್.

ಆಮೇಲೆ ತನಗೇ ತಾನು ದೊಡ್ಡ ಆಕ್ಷೇಪ ಹಾಕಿಕೊಳ್ಳುತ್ತಾನೆ. ಪ್ರತಿಯೊಬ್ಬನೂ ತನ್ನ ಸ್ವಭಾವಕ್ಕೆ ತಕ್ಕ ಒಂದೇ ಕೆಲಸ ಮಾಡಬೇಕು ಎಂಬುದು ಈ ರಾಜ್ಯದ ಅಡಿಪಾಯ. ಗಂಡು ಹೆಣ್ಣಿನ ಸ್ವಭಾವ ಬೇರೆ ಎಂದು ಒಪ್ಪಿದರೆ ಕೆಲಸವೂ ಬೇರೆಯಾಗಬೇಕಲ್ಲ? ಉತ್ತರ 454ರಲ್ಲಿದೆ. ಬೋಳುತಲೆಯವರಿಗೂ ಕೂದಲಿರುವವರಿಗೂ ವ್ಯತ್ಯಾಸವಿದೆ. ಹಾಗೆಂದು ಬೋಳುತಲೆಯವರು ಚಪ್ಪಲಿ ಹೊಲಿಯುತ್ತಿದ್ದರೆ ಕೂದಲಿರುವವರು ಹೊಲಿಯಬಾರದು ಎನ್ನುತ್ತೇವೆಯೇ? ವ್ಯತ್ಯಾಸವಿದ್ದರೆ ಸಾಲದು, ಆ ಕೆಲಸಕ್ಕೆ ಸಂಬಂಧಪಟ್ಟ ವ್ಯತ್ಯಾಸವಾಗಿರಬೇಕು. ಹೆಣ್ಣು ಹೆರುತ್ತಾಳೆ, ಗಂಡು ಬೀಜ ಬಿತ್ತುತ್ತಾನೆ ಎಂಬ ವ್ಯತ್ಯಾಸ ರಾಜ್ಯ ಆಳುವ ಕೆಲಸಕ್ಕೆ ಸಂಬಂಧಿಸಿದ್ದು ಎಂದು ಯಾರೂ ತೋರಿಸಿಲ್ಲ. ವೈದ್ಯಕೀಯಕ್ಕೆ ಒಲಿದ ಹೆಣ್ಣಿದ್ದಾಳೆ, ಒಲಿಯದವಳೂ ಇದ್ದಾಳೆ, ಕಾವಲಿಗೂ ಹಾಗೆಯೇ. ಏಳನೇ ಪುಸ್ತಕದ ಕೊನೆಯಲ್ಲಿ (540) ಗ್ಲಾಕನ್ ಆಳುವ ಗಂಡಸರನ್ನು ಹೊಗಳಿದಾಗ, ಆಳುವ ಹೆಂಗಸರನ್ನೂ ಸೇರಿಸಿಕೋ ಎಂದು ಸಾಕ್ರೆಟಿಸ್ ತಿದ್ದುತ್ತಾನೆ.

ಆ ತರಬೇತಿಯ ಉದ್ದವೂ ಇಬ್ಬರಿಗೂ ಒಂದೇ. ಬಾಲ್ಯದಲ್ಲಿ ಆಟದ ರೂಪದ ಪಾಠ, 17–18ರಿಂದ ಎರಡು-ಮೂರು ವರ್ಷ ಕಡ್ಡಾಯ ವ್ಯಾಯಾಮ, 20ರಿಂದ 30 ಗಣಿತಶಾಸ್ತ್ರಗಳು, 30ರಿಂದ 35 ತರ್ಕಜಿಜ್ಞಾಸೆ, 35ರಿಂದ 50 ಆಡಳಿತ ಮತ್ತು ಸೇನೆಯ ಹೊಣೆ. ರಾಜ್ಯದ ಚುಕ್ಕಾಣಿ ಸಿಗುವುದು 50ರ ಮೇಲೆ.

ಅಂದರೆ ಪ್ಲೇಟೋ ಸ್ತ್ರೀವಾದಿಯೇ?

ಹಾಗೆಂದು ಹೇಳಿದರೆ ಕೈಗೆ ಸಿಗುವ ಅರ್ಧ ಸಾಕ್ಷ್ಯವನ್ನು ಬಿಟ್ಟಂತೆ. ಅದೇ ಐದನೇ ಪುಸ್ತಕದಲ್ಲಿ ಎಲ್ಲ ಕೆಲಸದಲ್ಲೂ ಹೆಣ್ಣು ಒಟ್ಟಾರೆ ಗಂಡಿಗಿಂತ ದುರ್ಬಲಳು ಎನ್ನುತ್ತಾನೆ. ಮೂರನೇ ಪುಸ್ತಕದಲ್ಲಿ ಯುವ ರಕ್ಷಕರು ಅಳುವ, ಬೈಯುವ ಹೆಂಗಸರನ್ನು ಅನುಕರಿಸಬಾರದು ಎನ್ನುತ್ತಾನೆ. ‘ಟಿಮಾಯಸ್’ನಲ್ಲಿ ಹೇಡಿಯಾಗಿ ಬಾಳಿದ ಗಂಡಸರು ಮುಂದಿನ ಜನ್ಮದಲ್ಲಿ ಹೆಂಗಸರಾಗುತ್ತಾರೆ. ಹೆಂಗಸರ ಹಕ್ಕು ಅಥವಾ ಸುಖ ಅವನ ಪ್ರಶ್ನೆಯೇ ಅಲ್ಲ, ರಾಜ್ಯಕ್ಕೆ ಉತ್ತಮ ರಕ್ಷಕರು ಸಿಗಬೇಕು ಎಂಬುದೊಂದೇ ಅವನ ಕಾಳಜಿ.

ಆದರೂ ಬೋಳುತಲೆಯ ವಾದಕ್ಕೆ ಅದನ್ನು ಹೇಳಿದವನ ಉದ್ದೇಶಕ್ಕಿಂತ ದೊಡ್ಡ ಶಕ್ತಿ ಇದೆ. ‘ಹೆಂಗಸರಿಗೆ ಈ ಕೆಲಸ ಸಲ್ಲದು’ ಎನ್ನುವವರು ಯಾವ ವ್ಯತ್ಯಾಸ, ಆ ಕೆಲಸಕ್ಕೆ ಅದು ಹೇಗೆ ಅಡ್ಡಿ ಎಂದು ತೋರಿಸಬೇಕಾಗುತ್ತದೆ. ಹೊಣೆಯನ್ನು ತಡೆಯುವವರ ಹೆಗಲಿಗೆ ದಾಟಿಸಿದ್ದು ದೊಡ್ಡ ಸಾಧನೆ. ಫ್ಲಿಯಸ್‌ನ ಆಕ್ಸಿಯೋಥಿಯಾ, ಮಾಂಟಿನಿಯಾದ ಲಾಸ್ಥೆನಿಯಾ ಎಂಬ ಇಬ್ಬರು ಹೆಂಗಸರು ಪ್ಲೇಟೋ ಕಟ್ಟಿದ ವಿದ್ಯಾಲಯವಾದ ಅಕಾಡೆಮಿಯಲ್ಲಿ ಕಲಿತರೆಂದು ತತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯೋಜಿನಿಸ್ ಲೇರ್ಷಿಯಸ್ ದಾಖಲಿಸಿದ್ದಾನೆ.

ಆಗಿನ ಅಥೆನ್ಸಿನಲ್ಲಿ ಹೆಂಗಸರ ಸ್ಥಿತಿ ಹೇಗಿತ್ತು?

ಇದನ್ನು ತಿಳಿಯದೆ ಐದನೇ ಪುಸ್ತಕದ ಬಿಸಿ ತಟ್ಟುವುದಿಲ್ಲ. ನಾಗರಿಕ ಮನೆತನದ ಹೆಣ್ಣಿಗೆ ಊರನ್ನು ಆಳುವ ನಾಗರಿಕರ ಸಭೆಯಲ್ಲಿ ಜಾಗವಿಲ್ಲ, ಮತವಿಲ್ಲ. ಜೀವನವಿಡೀ ಒಬ್ಬ ಗಂಡಸಿನ ಪಾಲಕತ್ವ: ಮೊದಲು ಅಪ್ಪ, ಆಮೇಲೆ ಗಂಡ, ವಿಧವೆಯಾದರೆ ಮಗ ಅಥವಾ ತವರಿನ ಹತ್ತಿರದ ಗಂಡಸು. ಒಂದು ಮೆಡಿಮ್ನೋಸ್ ಬಾರ್ಲಿಯ, ಅಂದರೆ ಸುಮಾರು 50 ಲೀಟರ್ ಅಳತೆಯ ಕಾಳಿನ, ಬೆಲೆ ಮೀರಿದ ವ್ಯವಹಾರವನ್ನು ಅವಳು ಕಾನೂನಿನ ಪ್ರಕಾರ ತಾನೇ ಮಾಡುವಂತಿಲ್ಲ. ಗಂಡುಮಕ್ಕಳಿಲ್ಲದ ಅಪ್ಪ ಸತ್ತರೆ ಆಸ್ತಿಯ ಜೊತೆ ಮಗಳೂ ಹತ್ತಿರದ ದಾಯಾದಿಯ ಪಾಲು, ಅವನು ಅವಳನ್ನು ಮದುವೆಯಾಗಲು ಹಕ್ಕು ಕೇಳಬಹುದಿತ್ತು. ಸಾಕ್ರೆಟಿಸನ ಇನ್ನೊಬ್ಬ ಶಿಷ್ಯ ಝೆನೊಫನ್‌ನ ಗೃಹಾಡಳಿತದ ಸಂಭಾಷಣೆಯಲ್ಲಿ ಬರುವ ಇಸ್ಕೊಮಾಕಸನ ಹೆಂಡತಿ ಮದುವೆಯಾಗಿ ಬಂದಾಗ ಅವಳಿಗೆ ಇನ್ನೂ 15 ತುಂಬಿರಲಿಲ್ಲ. ಹೊರಗಿನ ಕೆಲಸ ಗಂಡಿಗೆ, ಒಳಗಿನದು ಹೆಣ್ಣಿಗೆ ಎಂದು ದೇವರೇ ಹಂಚಿದ್ದಾನೆಂದು ಗಂಡ ಅವಳಿಗೆ ಪಾಠ ಹೇಳುತ್ತಾನೆ.

ದೇವಿಯ ಅರ್ಚಕಿಯರಾಗಿ ಕೆಲವು ಹೆಂಗಸರಿಗೆ ಸಾರ್ವಜನಿಕ ಗೌರವ ಇತ್ತು ಎಂಬುದನ್ನೂ ಮರೆಯಬಾರದು.

ಇನ್ನೊಂದು ಸಂಗತಿ. ಅಥೆನ್ಸಿನ ನಾಯಕ ಪೆರಿಕ್ಲಿಸನ ಕ್ರಿ.ಪೂ. 451ರ ಕಾನೂನಿನಂತೆ ತಂದೆ-ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ನಾಗರಿಕ. ಅಪ್ಪ ಯಾರೆಂಬುದರ ಮೇಲೆ ಆಸ್ತಿ, ಮತ, ನ್ಯಾಯಾಲಯ ಎಲ್ಲ ನಿಂತಿದ್ದ ಊರಿನಲ್ಲಿ ಅಪ್ಪ ಯಾರೆಂದು ಗೊತ್ತಾಗಬಾರದು ಎನ್ನುವುದು ಎಷ್ಟು ದೊಡ್ಡ ಮಾತು ಎಂದು ಇದರಿಂದ ಊಹಿಸಬಹುದು.

ಇದೆಲ್ಲ ಸ್ಪಾರ್ಟಾದ ನಕಲಲ್ಲವೇ?

ಸ್ಪಾರ್ಟಾ ಅಥೆನ್ಸಿನ ಎದುರಾಳಿ, ಸೈನಿಕ ಶಿಸ್ತಿಗೆ ಹೆಸರಾದ ನಗರ-ರಾಜ್ಯ. ಸಾಮಗ್ರಿ ಅಲ್ಲಿಯದು, ಕಟ್ಟಡ ಪ್ಲೇಟೋನದು. ಗಂಡಸರ ಸಹಭೋಜನ, ಹುಡುಗರನ್ನು ರಾಜ್ಯದ ತರಬೇತಿಗೆ ಒಯ್ಯುವುದು, ಹುಡುಗಿಯರ ವ್ಯಾಯಾಮ, ಒಳ್ಳೆಯ ಸಂತಾನಕ್ಕಾಗಿ ಹೆಂಡತಿ ಇನ್ನೊಬ್ಬನಿಂದ ಮಗು ಪಡೆಯಲು ಮುದಿ ಗಂಡನೇ ಒಪ್ಪುವುದು ಇವೆಲ್ಲ ಸ್ಪಾರ್ಟಾದಲ್ಲಿ ಇದ್ದವೆಂದು ಝೆನೊಫನ್ ಬರೆಯುತ್ತಾನೆ. ಆದರೆ ಅಲ್ಲಿ ಮನೆ, ಹೊಲ, ಉತ್ತರಾಧಿಕಾರ ಎಲ್ಲ ಖಾಸಗಿಯಾಗಿಯೇ ಉಳಿದವು, ಹೆಂಗಸರು ಆಳಲೂ ಇಲ್ಲ, ಸೇನೆಗೆ ಹೋಗಲೂ ಇಲ್ಲ. ಎಂಟನೇ ಪುಸ್ತಕದಲ್ಲಿ ಪ್ಲೇಟೋ ಸ್ಪಾರ್ಟಾ ಮಾದರಿಯನ್ನು ಆದರ್ಶದಿಂದ ಒಂದು ಮೆಟ್ಟಿಲು ಕೆಳಗಿಡುತ್ತಾನೆ. ಅಲ್ಲಿನವರು ಕತ್ತಲಲ್ಲಿ ಚಿನ್ನವನ್ನು ಪೂಜಿಸುವವರು, ಮನೆಯ ಗೋಡೆಗಳೊಳಗೆ ಅದನ್ನು ಬಚ್ಚಿಡುವವರು.

ಅರಿಸ್ಟೊಫನೀಸನ ನಾಟಕಕ್ಕೂ ಇದಕ್ಕೂ ಏನು ಸಂಬಂಧ?

ಅರಿಸ್ಟೊಫನೀಸ್ ಅಥೆನ್ಸಿನ ಹಾಸ್ಯ ನಾಟಕಕಾರ. ಕ್ರಿ.ಪೂ. 391ರ ಸುಮಾರಿಗೆ ಆಡಿದ ಅವನ ‘ಸಭೆಯ ಹೆಂಗಸರು’ ಪ್ರಹಸನದಲ್ಲಿ ಪ್ರಾಕ್ಸಗೋರಾ ಮತ್ತು ಗೆಳತಿಯರು ಗಂಡಂದಿರ ಬಟ್ಟೆ ತೊಟ್ಟು, ಗಡ್ಡ ಅಂಟಿಸಿಕೊಂಡು ಸಭೆಗೆ ಹೋಗಿ ಅಧಿಕಾರ ಹಿಡಿಯುತ್ತಾರೆ. ಆಸ್ತಿ ಎಲ್ಲರದು, ದಾಂಪತ್ಯ ರದ್ದು, ಮಕ್ಕಳಿಗೆ ಹಿರಿಯರೆಲ್ಲ ಅಪ್ಪಂದಿರು. ನಾಟಕ ‘ರಿಪಬ್ಲಿಕ್’ಗಿಂತ ಹಳೆಯದು. ಅಥೆನ್ಸಿನಲ್ಲಿ ಈ ವಿಚಾರ ಆಗಲೇ ಬಾಯಿಮಾತಿನಲ್ಲಿತ್ತು ಎಂದಷ್ಟೇ ಇದರಿಂದ ಧೈರ್ಯವಾಗಿ ಹೇಳಬಹುದು. ಐದನೇ ಪುಸ್ತಕದಲ್ಲಿ ಹಾಸ್ಯಗಾರರ ನಗೆಗೆ ಹೆದರಬಾರದು ಎಂಬ ಮಾತು ಮತ್ತೆ ಮತ್ತೆ ಬರುವುದನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಚೆನ್ನ.

ಅರಿಸ್ಟಾಟಲನ ಆಕ್ಷೇಪಗಳೇನು? ಅವು ಗಟ್ಟಿಯೇ?

‘ಪಾಲಿಟಿಕ್ಸ್’ ಎರಡನೇ ಪುಸ್ತಕದ ಮೊದಲ ಐದು ಅಧ್ಯಾಯಗಳು ಪೂರ್ತಿ ಇದಕ್ಕೇ ಮೀಸಲು. ಅವನು ಗುರಿಯಿಂದಲೇ ಶುರುಮಾಡುತ್ತಾನೆ. ರಾಜ್ಯ ಹೆಚ್ಚು ಹೆಚ್ಚು ಒಂದಾಗುತ್ತಾ ಹೋದರೆ ಮೊದಲು ಮನೆಯಾಗುತ್ತದೆ, ಆಮೇಲೆ ಒಬ್ಬ ವ್ಯಕ್ತಿಯಾಗುತ್ತದೆ, ಕಡೆಗೆ ರಾಜ್ಯವಾಗಿಯೇ ಉಳಿಯುವುದಿಲ್ಲ. ಬೇರೆ ಬೇರೆ ಬಗೆಯ ಜನ ಸೇರಿದ್ದರಿಂದಲೇ ಅದು ರಾಜ್ಯ.

ಅತ್ಯಂತ ಬಲವಾದ ಆಕ್ಷೇಪ ಆರೈಕೆಯದು. ಅತಿ ಹೆಚ್ಚು ಜನರಿಗೆ ಸೇರಿದ್ದಕ್ಕೆ ಅತಿ ಕಡಿಮೆ ಆರೈಕೆ ಸಿಗುತ್ತದೆ. ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಪ್ರತಿಯೊಬ್ಬರೂ ಕೈಬಿಡುತ್ತಾರೆ. ಒಬ್ಬ ನಾಗರಿಕನಿಗೆ ಸಾವಿರ ಮಕ್ಕಳು, ಆ ಮಕ್ಕಳಲ್ಲಿ ಪ್ರತಿಯೊಬ್ಬನೂ ಎಲ್ಲರ ಮಗ; ಆಗ ಎಲ್ಲರೂ ಸಮಾನವಾಗಿ ಅಲಕ್ಷಿಸುತ್ತಾರೆ. ಇಂಥ ಮಗನಾಗುವುದಕ್ಕಿಂತ ನಿಜವಾದ ಸೋದರಸಂಬಂಧಿಯಾಗುವುದೇ ಲೇಸು ಎನ್ನುತ್ತಾನೆ. ‘ಎಲ್ಲರೂ ನನ್ನವನು ಎನ್ನುತ್ತಾರೆ’ ಎಂಬುದರಲ್ಲಿನ ಗೊಂದಲವನ್ನೂ ಅವನೇ ಹಿಡಿದ: ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹಾಗೆ ಅಂದರೆ ಸರಿ, ಆದರೆ ಇಲ್ಲಿ ಸಿಗುವುದು ಒಟ್ಟಾಗಿ ಎಲ್ಲರದು ಎಂಬ ತೆಳು ಸಂಬಂಧ. ಬಹಳ ನೀರಿಗೆ ಸ್ವಲ್ಪ ಸಿಹಿ ಬೆರೆಸಿದರೆ ರುಚಿಯೇ ತಿಳಿಯುವುದಿಲ್ಲ, ಪ್ರೀತಿಯೂ ಹಾಗೆ ನೀರಾಗುತ್ತದೆ.

ಹೋಲಿಕೆಯ ಮಾತೂ ಇದೆ. ಮಕ್ಕಳ ಮುಖ ನೋಡಿ ಜನ ತಂದೆತಾಯಿಯನ್ನು ಊಹಿಸಿಯೇ ಊಹಿಸುತ್ತಾರೆ. ಫಾರ್ಸಲಸ್‌ನ ಒಂದು ಹೆಣ್ಣು ಕುದುರೆ ತಂದೆಯನ್ನೇ ಹೋಲುವ ಮರಿಗಳನ್ನು ಹಾಕುತ್ತಿದ್ದುದರಿಂದ ಅದಕ್ಕೆ ‘ನ್ಯಾಯವಂತೆ’ ಎಂಬ ಹೆಸರೇ ಬಿದ್ದಿತ್ತು ಎಂದು ನೆನಪಿಸುತ್ತಾನೆ. ಗುಟ್ಟು ಉಳಿಯದಿದ್ದರೆ ಯೋಜನೆ ಅಲ್ಲಿಗೇ ಮುರಿಯಿತು. ಉಳಿದರೆ, ಹೊಡೆದಾಟ-ಕೊಲೆ ಸ್ವಂತ ತಂದೆತಾಯಿಯ ಮೇಲೇ ನಡೆದರೂ ಯಾರಿಗೂ ತಿಳಿಯದು, ಪ್ರಾಯಶ್ಚಿತ್ತವೂ ಆಗದು. ಅಲ್ಲದೆ ಕುಟುಂಬವಿಲ್ಲದ ರಕ್ಷಕರು, ಕುಟುಂಬವಿರುವ ರೈತರು ಸೇರಿ ಒಂದೇ ರಾಜ್ಯದಲ್ಲಿ ಎರಡು ಎದುರಾಳಿ ರಾಜ್ಯಗಳಾಗುತ್ತವೆ.

ಆರೈಕೆಯ ಆಕ್ಷೇಪಕ್ಕೆ ಪ್ಲೇಟೋನ ಬಳಿ ಒಳ್ಳೆಯ ಉತ್ತರವಿಲ್ಲ. ದಾದಿಯರಿದ್ದಾರಲ್ಲ ಎನ್ನಬಹುದು. ಆದರೆ ಅವನು ಬಯಸಿದ್ದು ಮಕ್ಕಳಿಗೆ ಹಾಲೂಡಿಸುವುದನ್ನಷ್ಟೇ ಅಲ್ಲ, ಮನೆಯೊಳಗಿನ ಮಮತೆಯನ್ನೇ ಇಡೀ ನಗರಕ್ಕೆ ಹರಡುವುದನ್ನು. ಆ ಮಮತೆ ಹುಟ್ಟುವ ಜಾಗವನ್ನೇ ತೆಗೆದುಹಾಕಿದ ಮೇಲೆ ಹರಡಲು ಏನು ಉಳಿಯಿತು?

ಹೆಣ್ಣಿನ ಬಗ್ಗೆ ಅರಿಸ್ಟಾಟಲನ ಅಭಿಪ್ರಾಯವೇನು?

ಕುಟುಂಬದ ವಿಷಯದಲ್ಲಿ ಸರಿಯಾದ ಜಾಗಕ್ಕೆ ಕೈಹಾಕಿದವನು ಇಲ್ಲಿ ಎಡವುತ್ತಾನೆ. ಮನೆಯಲ್ಲಿ ಮೂರು ಸಂಬಂಧ: ಯಜಮಾನ-ಗುಲಾಮ, ಗಂಡ-ಹೆಂಡತಿ, ತಂದೆ-ಮಕ್ಕಳು. ಗುಲಾಮನಿಗೆ ವಿವೇಚನಾ ಶಕ್ತಿಯೇ ಇಲ್ಲ, ಹೆಣ್ಣಿಗೆ ಇದೆ ಆದರೆ ಅದಕ್ಕೆ ಅಧಿಕಾರವಿಲ್ಲ, ಮಗುವಿಗೆ ಇದೆ ಆದರೆ ಬಲಿತಿಲ್ಲ ಎಂಬುದು ಮೊದಲ ಪುಸ್ತಕದ 13ನೇ ಅಧ್ಯಾಯದ ಮಾತು. ‘ಅಧಿಕಾರವಿಲ್ಲ’ ಎಂದರೆ ಅವಳ ಬುದ್ಧಿ ಅವಳ ಭಾವನೆಗಳನ್ನು ಆಳಲಾರದು ಎಂದೋ, ಅವಳ ತೀರ್ಮಾನವನ್ನು ಸಮಾಜ ಒಪ್ಪದು ಎಂದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೇಗೆ ಓದಿದರೂ ತೀರ್ಮಾನ ಒಂದೇ, ಗಂಡ ಆಳಬೇಕು. ಗಂಡು ಹೆಣ್ಣಿನ ಸದ್ಗುಣ ಒಂದೇ ಎಂಬ ಸಾಕ್ರೆಟಿಸನ ಮಾತನ್ನು ಅಲ್ಲೇ ತಳ್ಳಿಹಾಕಿ, ಮೌನವೇ ಹೆಣ್ಣಿಗೆ ಭೂಷಣ ಎಂಬ ನಾಟಕಕಾರ ಸೊಫೊಕ್ಲಿಸನ ಸಾಲನ್ನು ಎತ್ತಿಹೇಳುತ್ತಾನೆ. ನಾಯಿಗಳ ವಾದಕ್ಕೆ ಅವನ ಉತ್ತರ ಒಂದೇ ವಾಕ್ಯ: ಪ್ರಾಣಿಗಳಿಗೆ ಮನೆವಾರ್ತೆ ಇಲ್ಲ. ಮನೆವಾರ್ತೆಯನ್ನು ಹೆಣ್ಣೇ ಯಾಕೆ ನೋಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ಅವನು ಕೇಳಿಕೊಳ್ಳುವುದಿಲ್ಲ.

ಏಳನೇ ಪುಸ್ತಕದಲ್ಲಿ ಮದುವೆಯ ವಯಸ್ಸು ಹೆಣ್ಣಿಗೆ 18, ಗಂಡಿಗೆ 37 ಎಂದಿಡುತ್ತಾನೆ. ತೀರಾ ಎಳೆಯ ಹುಡುಗಿಯರು ಬಸುರಾದರೆ ಹೆರಿಗೆಯಲ್ಲಿ ಹೆಚ್ಚು ನರಳುತ್ತಾರೆ, ಹೆಚ್ಚು ಸಾಯುತ್ತಾರೆ ಎಂಬ ಕಾರಣವನ್ನೂ ಕೊಡುತ್ತಾನೆ. 14–15ಕ್ಕೆ ಮದುವೆ ಮಾಡುತ್ತಿದ್ದ ಕಾಲದಲ್ಲಿ ಇದು ತೂಕದ ಮಾತು.

‘ಲಾಸ್’ ಬರೆಯುವ ಹೊತ್ತಿಗೆ ಪ್ಲೇಟೋ ಮನಸ್ಸು ಬದಲಾಯಿಸಿದನೇ?

‘ಲಾಸ್’ ಅವನು ಮುಪ್ಪಿನಲ್ಲಿ ಬರೆದ, ಕಾನೂನುಗಳ ಬಗೆಗಿನ ಸಂಭಾಷಣೆ. ಅದರಲ್ಲಿ ಕುಟುಂಬದ ವಿಷಯದಲ್ಲಿ ಹಿಂದೆ ಸರಿದ, ಹೆಣ್ಣಿನ ತರಬೇತಿಯ ವಿಷಯದಲ್ಲಿ ಸರಿಯಲಿಲ್ಲ. ಎರಡು ವಾದಗಳು ಬೇರೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎಲ್ಲವೂ ಎಲ್ಲರದಾದ ನಗರವೇ ಶ್ರೇಷ್ಠ, ಆದರೆ ಅದು ದೇವರುಗಳೋ ದೇವಪುತ್ರರೋ ಬಾಳುವ ಜಾಗ ಎಂದು 739ರಲ್ಲಿ ಹೇಳಿ, ಎರಡನೇ ದರ್ಜೆಯ ಒಂದು ನಗರವನ್ನು ಕ್ರೀಟ್ ದ್ವೀಪದಲ್ಲಿ ಕಲ್ಪಿಸುತ್ತಾನೆ. ಅಲ್ಲಿ 5040 ಮನೆಗಳು. 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವುದರಿಂದ ಜನರನ್ನು ಹಂಚಲು ಅನುಕೂಲ ಎಂದು ಆ ಸಂಖ್ಯೆ. ಮನೆಯ ಹೊಲ ಒಬ್ಬನೇ ಮಗನಿಗೆ. ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಡಬೇಕು, ಉಳಿದ ಗಂಡುಮಕ್ಕಳನ್ನು ಮಕ್ಕಳಿಲ್ಲದವರಿಗೆ ದತ್ತು ಕೊಡಬೇಕು. 35 ದಾಟಿಯೂ ಮದುವೆಯಾಗದ ಗಂಡಸು ವರ್ಷಕ್ಕೊಮ್ಮೆ ದಂಡ ಕಟ್ಟಬೇಕು, ಆಸ್ತಿಯ ವರ್ಗಕ್ಕೆ ತಕ್ಕಂತೆ 100, 70, 60 ಅಥವಾ 30 ದ್ರಾಕ್ಮಾ (ಗ್ರೀಕ್ ಬೆಳ್ಳಿ ನಾಣ್ಯ).

ಹುಡುಗಿಯರಿಗೂ ಶಾಲೆ, ಕುದುರೆ, ಬಿಲ್ಲು ಕಡ್ಡಾಯ. ಅಧಿಕಾರಸ್ಥಾನಕ್ಕೆ ಗಂಡಸಿಗೆ 30, ಹೆಂಗಸಿಗೆ 40 ಆಗಿರಬೇಕು. ಕಪ್ಪು ಸಮುದ್ರದ ತೀರದ ಸೌರೊಮಾಟಿಯನ್ ಹೆಂಗಸರು ಗಂಡಸರಷ್ಟೇ ಸವಾರಿ, ಬಿಲ್ವಿದ್ಯೆ ಬಲ್ಲರು ಎಂದು ತೋರಿಸಿ, ಒಂದೇ ಖರ್ಚಿನಲ್ಲಿ ಇಡೀ ರಾಜ್ಯವಾಗಬಹುದಾದದ್ದು ಅರ್ಧ ರಾಜ್ಯವಾಗಿ ಉಳಿದಿದೆ, ಶಾಸನಕಾರನಿಗೆ ಇದಕ್ಕಿಂತ ದೊಡ್ಡ ತಪ್ಪಿಲ್ಲ ಎನ್ನುತ್ತಾನೆ (805). ಅರಿಸ್ಟಾಟಲ್ ಕೂಡ ಸ್ಪಾರ್ಟಾವನ್ನು ಟೀಕಿಸುವಾಗ ಇದೇ ‘ಅರ್ಧ’ವನ್ನು ಬಳಸುತ್ತಾನೆ: ಹೆಂಗಸರ ವ್ಯವಸ್ಥೆ ಕೆಟ್ಟಿರುವಲ್ಲಿ ಅರ್ಧ ನಗರ ಕಾನೂನಿನಾಚೆ ಉಳಿದಂತೆ. ಅಲ್ಲಿನ ಭೂಮಿಯಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರ ಕೈಯಲ್ಲಿದೆ ಎಂಬುದು ಅವನ ದೂರು. ಒಬ್ಬನಿಗೆ ಆ ಅರ್ಧ ಪೋಲಾಗುತ್ತಿರುವ ಶಕ್ತಿ, ಇನ್ನೊಬ್ಬನಿಗೆ ಹಿಡಿತ ತಪ್ಪಿದ ಶಕ್ತಿ.

ಮುಂದೆ ಯಾರಾದರೂ ಈ ವಿಚಾರಗಳನ್ನು ಎತ್ತಿಕೊಂಡರೇ?

ವಿವೇಕಕ್ಕೆ ತಕ್ಕಂತೆ ಬಾಳುವುದೇ ಒಳ್ಳೆಯ ಬಾಳು ಎನ್ನುವ ಸ್ಟೋಯಿಕ್ ಪಂಥದ ಸ್ಥಾಪಕ ಝೀನೋ ತನ್ನದೇ ಒಂದು ‘ರಿಪಬ್ಲಿಕ್’ ಬರೆದ. ಅದು ಉಳಿದಿಲ್ಲ, ಇತರರ ವರದಿಗಳಿಂದ ಗೊತ್ತು: ಗಂಡು ಹೆಣ್ಣಿಗೆ ಒಂದೇ ಉಡುಪು, ಜ್ಞಾನಿಗಳ ನಡುವೆ ದಾಂಪತ್ಯದ ಕಟ್ಟಿಲ್ಲ, ದೇವಸ್ಥಾನ-ನ್ಯಾಯಾಲಯಗಳಿಲ್ಲ. ಆಸ್ತಿ, ಸಾಮಾಜಿಕ ಕಟ್ಟಳೆಗಳನ್ನು ಧಿಕ್ಕರಿಸುವ ಸಿನಿಕ್ ಪಂಥದ ಹಿಪಾರ್ಕಿಯಾ ಶ್ರೀಮಂತ ಸಂಬಂಧಗಳನ್ನು ಬಿಟ್ಟು ಅದೇ ಪಂಥದ ಕ್ರೇಟಿಸನನ್ನು ಮದುವೆಯಾಗಿ ಅವನಂತೆಯೇ ಬೀದಿಯಲ್ಲಿ ತತ್ವಜ್ಞಾನಿಯಾಗಿ ಬಾಳಿದಳು. ಕ್ರಿ.ಶ. 1ನೇ ಶತಮಾನದ ಮುಸೋನಿಯಸ್ ರೂಫಸ್ ರೋಮಿನವನಾದರೂ ಅವನ ಉಪನ್ಯಾಸಗಳು ಉಳಿದಿರುವುದು ಗ್ರೀಕಿನಲ್ಲಿ. ಹೆಣ್ಣುಮಕ್ಕಳಿಗೂ ಅದೇ ವಿವೇಕ ದೇವರು ಕೊಟ್ಟದ್ದು, ಅದೇ ಶಿಕ್ಷಣ ಸಿಗಬೇಕು ಎಂದ ಅವನು ಮದುವೆಯನ್ನು ಗಟ್ಟಿಯಾಗಿ ಎತ್ತಿಹಿಡಿದ. 12ನೇ ಶತಮಾನದ, ಸ್ಪೇನಿನ ಕಾರ್ಡೊಬಾದ ತತ್ವಜ್ಞಾನಿ ಇಬ್ನ್ ರುಶ್ದ್ ‘ರಿಪಬ್ಲಿಕ್’ಗೆ ವ್ಯಾಖ್ಯಾನ ಬರೆಯುತ್ತಾ, ತನ್ನ ನಾಡಿನ ಹೆಂಗಸರನ್ನು ಹೆರಲು, ಸಾಕಲು ಮಾತ್ರ ಇಟ್ಟುಕೊಂಡು ಅವರ ಸಾಮರ್ಥ್ಯ ಹಾಳುಮಾಡಿದ್ದೇ ಬಡತನಕ್ಕೆ ಒಂದು ಕಾರಣ ಎಂದ.

ರಾಜ್ಯಶಾಸ್ತ್ರದ ಪರೀಕ್ಷೆಗೆ ಬರೆಯುವಾಗ ಎಲ್ಲಿ ತಪ್ಪಾಗುತ್ತದೆ?

‘ಪತ್ನಿಯರ ಸಮತಾವಾದ’ ಎಂಬ ಪಠ್ಯಪುಸ್ತಕದ ಶೀರ್ಷಿಕೆಯಿಂದಲೇ ಹಲವರು ಹೆಂಗಸರು ಗಂಡಸರ ಸ್ವತ್ತು ಎಂದು ಬರೆಯುತ್ತಾರೆ. ರಕ್ಷಕ ವರ್ಗದಲ್ಲಿ ಯಾರೂ ಯಾರಿಗೂ ಖಾಸಗಿಯಾಗಿ ಸೇರಿದವರಲ್ಲ, ನಿಯಮ ಇಬ್ಬರಿಗೂ ಅನ್ವಯ ಎಂದು ಒಂದು ವಾಕ್ಯ ಸೇರಿಸಿ. ಇದನ್ನು ಸ್ವೇಚ್ಛೆ ಎನ್ನುವುದೂ ತಪ್ಪು. ಹೆರುವ ವಯಸ್ಸಿನಲ್ಲಿ ಹಬ್ಬದಾಚೆಯ ಕೂಡುವಿಕೆ ಇಲ್ಲಿ ಅಪರಾಧ, ಸಡಿಲಿಕೆ ಇರುವುದು ಆ ವಯಸ್ಸು ದಾಟಿದವರಿಗೆ. ಮಾರ್ಕ್ಸ್ ಜೊತೆ ಹೋಲಿಸುವವರು ಉತ್ಪಾದನೆಯ ಸಾಧನಗಳು ಇಲ್ಲಿ ಖಾಸಗಿಯಾಗಿಯೇ ಉಳಿದಿವೆ ಎಂಬುದನ್ನು ಮೊದಲು ಹೇಳಬೇಕು. ಅರಿಸ್ಟಾಟಲನ ಟೀಕೆಯನ್ನು ‘ಕುಟುಂಬ ಸಹಜ’ ಎಂಬ ಒಂದೇ ಸಾಲಿಗೆ ಇಳಿಸಬೇಡಿ. ಐಕ್ಯ, ಆರೈಕೆ, ಗುಟ್ಟು, ಎರಡು ರಾಜ್ಯ ಎಂದು ಬಿಡಿಸಿ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. ವ್ಯವಸ್ಥೆ ಯಾಕೆ ಕುಸಿಯುತ್ತದೆ ಎಂದು ಪ್ಲೇಟೋನೇ ಹೇಳಿದ್ದನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ. ಆಳುವವರು ಹಬ್ಬಗಳ ಕಾಲದ ಲೆಕ್ಕ ತಪ್ಪುತ್ತಾರೆ, ಅಕಾಲದಲ್ಲಿ ಮಕ್ಕಳು ಹುಟ್ಟುತ್ತಾರೆ, ಅವರು ದೊಡ್ಡವರಾಗಿ ಶಿಕ್ಷಣವನ್ನು ಕಡೆಗಣಿಸುತ್ತಾರೆ, ಅಲ್ಲಿಂದ ಕಬ್ಬಿಣ ಬೆಳ್ಳಿಯೊಂದಿಗೆ ಬೆರೆಯುತ್ತದೆ (546).

ಮೂಲವನ್ನು ಯಾವ ಕ್ರಮದಲ್ಲಿ ಓದಬೇಕು?

ಮೊದಲು ‘ರಿಪಬ್ಲಿಕ್’ 412ರಿಂದ 417, ಆಮೇಲೆ ನೇರವಾಗಿ 449ರಿಂದ 466. ಎರಡೂ ಸೇರಿ ಒಂದು ಸಂಜೆಯ ಓದು. ಮರುದಿನ ‘ಪಾಲಿಟಿಕ್ಸ್’ ಎರಡನೇ ಪುಸ್ತಕದ ಮೊದಲ ಐದು ಅಧ್ಯಾಯ, ಜೊತೆಗೆ ಮೊದಲ ಪುಸ್ತಕದ 12 ಮತ್ತು 13. ಅರಿಸ್ಟಾಟಲನನ್ನು ಮೊದಲು ಓದಬೇಡಿ. ಅವನು ಎದುರಾಳಿಯ ವಾದವನ್ನು ಕತ್ತರಿಸಿ ಕೊಡುತ್ತಾನೆ, ಬೋಳುತಲೆಯ ವಾದವನ್ನು ಉಲ್ಲೇಖಿಸುವುದೇ ಇಲ್ಲ. ನಂತರ ‘ಲಾಸ್’ನಿಂದ 739, 771ರಿಂದ 785, 804ರಿಂದ 806. ಝೆನೊಫನ್‌ನ ಇಸ್ಕೊಮಾಕಸ್ ಭಾಗವನ್ನು ಕೊನೆಗೆ ಓದಿದರೆ, ಉಳಿದವರೆಲ್ಲ ಯಾವ ಮನೆಯನ್ನು ಕಣ್ಣಮುಂದಿಟ್ಟುಕೊಂಡು ವಾದಿಸುತ್ತಿದ್ದರು ಎಂದು ತಿಳಿಯುತ್ತದೆ.